ಕುದುರೆ ಕೊಳ್ಳೋ ಮುಂಚೆ ಸುಳಿ ಅಷ್ಟೇ ಅಲ್ಲ, ಕಾಲೂ ನೋಡಿ

ಟಾಂಗಾಕ್ಕೆ, ಮದುವೆ ಮೆರವಣಿಗೆಗೆ, ಜಾತ್ರೆಯ ಗಾಡಿ ಓಟಕ್ಕೆ ಅಂತ ಇವತ್ತಿಗೂ ಕುದುರೆ ಕೊಳ್ಳುವವರಿದ್ದಾರೆ. ಬಣ್ಣ, ಸುಳಿ, ಎತ್ತರ ನೋಡಿ ಅಡ್ವಾನ್ಸ್ ಕೊಟ್ಟುಬಿಡ್ತಾರೆ. ಆದರೆ ಕುದುರೆ ಎಷ್ಟು ವರ್ಷ ಕುಂಟದೆ ದುಡಿಯುತ್ತೆ ಅನ್ನೋದಕ್ಕೆ ಕಾಲಿನ ಆಕಾರ ಬಹಳ ಮುಖ್ಯ.

ಕಾಲೇ ಯಾಕೆ?

ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲಿರುತ್ತೆ. ಮಂಡಿಯಿಂದ ಕೆಳಗೆ ಮಾಂಸಖಂಡ ಇಲ್ಲವೆನ್ನುವಷ್ಟು ಕಡಿಮೆ. ಕಾಲು ನೆಟ್ಟಗಿದ್ದರೆ ಭಾರ ಸಮನಾಗಿ ಹಂಚಿಹೋಗುತ್ತೆ. ಸೊಟ್ಟಗಿದ್ದರೆ ಕೀಲಿನ ಒಂದೇ ಬದಿ ಸವೆಯುತ್ತೆ. ಅಂಗಡಿ ಶೆಟರ್ ಒಂದು ಕಡೆ ಎಳೆದರೆ ಆ ಬದಿಯ ಪಟ್ಟಿ ಬೇಗ ಸವೆಯುತ್ತಲ್ಲ, ಹಾಗೆ.

ಮುಂದಿನಿಂದ ನೋಡಿ

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಭುಜದ ತುದಿಯಿಂದ ಗಾರೆ ಕೆಲಸದ ತೂಗುಗುಂಡು ಬಿಟ್ಟಂತೆ ಅಂದುಕೊಳ್ಳಿ. ದಾರ ಮಂಡಿ, ಗೆಣ್ಣು, ಗೊರಸು ಮೂರರ ನಡುಮಧ್ಯೆ ಹಾಯಬೇಕು. ಗೊರಸು ಒಳಕ್ಕೆ ತಿರುಗಿದ್ದರೆ ನಡೆಯುವಾಗ ಕಾಲು ಹೊರಕ್ಕೆ ಬೀಸುತ್ತೆ. ಹೊರಕ್ಕೆ ತಿರುಗಿದ್ದರೆ ಒಳಕ್ಕೆ ಬೀಸಿ ಪಕ್ಕದ ಕಾಲಿಗೆ ಹೊಡೆಯಬಹುದು. ಒಳಬದಿಯಲ್ಲಿ ಹಳೇ ಗಾಯದ ಗುರುತು ಇದೆಯಾ ಹುಡುಕಿ.

ಪಕ್ಕದಿಂದ ನೋಡಿ

ಮಂಡಿ ಹಿಂದಕ್ಕೆ ಬಾಗಿದ್ದರೆ ಓಟಕ್ಕೆ ಬೇಡ. ಜೋರಾಗಿ ಓಡುವಾಗ ಮಂಡಿಯೊಳಗಿನ ಸಣ್ಣ ಮೂಳೆಗಳ ಅಂಚು ಚೂರಾಗುವ ಅಪಾಯವಿದೆ. ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಅಷ್ಟು ಚಿಂತೆಯಿಲ್ಲ.

ಗೆಣ್ಣಿಗೂ ಗೊರಸಿಗೂ ನಡುವಿನ ಭಾಗ ತೀರಾ ನೆಟ್ಟಗಿದ್ದರೆ ಟಾರು ರಸ್ತೆಯ ಪೆಟ್ಟು ನೇರವಾಗಿ ಕೀಲಿಗೆ ಬೀಳುತ್ತೆ. ತೀರಾ ಉದ್ದವಾಗಿ ಇಳಿಜಾರಾಗಿದ್ದರೆ ಸವಾರಿ ಮೆತ್ತಗಿರುತ್ತೆ, ಆದರೆ ಕಾಲ ಹಿಂದಿನ ಸ್ನಾಯುರಜ್ಜಿಗೆ ಎಳೆತ ಜಾಸ್ತಿ. ಹಿಂಗಾಲು ಕುಡುಗೋಲಿನಂತೆ ಬಾಗಿದ್ದರೆ ಭಾರ ಎಳೆಯುವಾಗ ನಡುಗೀಲಿನ ಹಿಂಬದಿಗೆ ಒತ್ತಡ ಬಿದ್ದು ಊತ ಬರಬಹುದು.

ನಡೆಸಿ, ಓಡಿಸಿ ನೋಡಿ

ಹಗ್ಗ ಸಡಿಲ ಬಿಟ್ಟು ಗಟ್ಟಿ ನೆಲದ ಮೇಲೆ ನಿಧಾನವಾಗಿ ಓಡಿಸಿ. ಮುಂಗಾಲಲ್ಲಿ ನೋವಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತೆ, ಒಳ್ಳೆ ಕಾಲು ಊರಿದಾಗ ಕೆಳಗಿಳಿಯುತ್ತೆ.

ಲಾಳದಿಂದ ಸರಿಯಾಗುತ್ತಾ?

ಮರಿ ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಪಶುವೈದ್ಯರಿಗೆ ತೋರಿಸಿದರೆ ಕೆಲವು ಸೊಟ್ಟು ತಿದ್ದಬಹುದು. ಬೆಳೆದ ಕುದುರೆಯ ಮೂಳೆ ಲಾಳದಿಂದ ನೆಟ್ಟಗಾಗಲ್ಲ. ನೆಟ್ಟಗೆ ಕಾಣಲಿ ಅಂತ ಗೊರಸನ್ನು ಒಂದು ಬದಿ ಜಾಸ್ತಿ ಕೆತ್ತಿಸಿದರೆ ಕೀಲಿಗೇ ಪೆಟ್ಟು. ಸುಮಾರು ಆರು ವಾರಕ್ಕೊಮ್ಮೆ ಗೊರಸು ಸಮ ಮಾಡಿಸಿದರೆ ಸಾಕು.

ಸೊಟ್ಟ ಕಾಲಿನ ಕುದುರೆಯೆಲ್ಲ ಕುಂಟುತ್ತೆ ಅಂತಲ್ಲ. ಮೆರವಣಿಗೆಯ ನಿಧಾನ ನಡಿಗೆಗೆ ಸಾಲುವ ಕಾಲು ದಿನವಿಡೀ ಟಾಂಗಾ ಎಳೆಯೋಕೆ ಸಾಲದೇ ಹೋಗಬಹುದು. ಯಾವ ಕೆಲಸಕ್ಕೆ ಅಂತ ಮೊದಲು ತೀರ್ಮಾನಿಸಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಆಮೇಲೆ ರೇಟ್ ಮಾತಾಡಿ.