ಬೊಂಬೆ ಬಾಗಿನ

ಮೈಸೂರಿನ ದಸರೆಯೆಂದೊಡನೆ ಜನರ ಕಣ್ಣೆದುರಿಗೆ ಬರತಕ್ಕುದು ಆನೆಯ ಮೇಲಣ ಅಂಬಾರಿ, ದೀಪಗಳಿಂದ ಬೆಳಗುವ ಅರಮನೆ, ಬನ್ನಿಮಂಟಪದ ಪಂಜಿನ ಕವಾಯತು. ಇವು ನಾಡಿಗೆ ಹೆಮ್ಮೆಯನ್ನು ತರುವ ವೈಭವಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದೇ ನಗರದಲ್ಲಿ, ಇದೇ ದಿನಗಳಲ್ಲಿ, ಯಾವ ಸಮಿತಿಯ ಏರ್ಪಾಡೂ ಇಲ್ಲದೆ, ಸರ್ಕಾರದ ಬೊಕ್ಕಸದಿಂದ ಬಿಡಿಗಾಸೂ ವೆಚ್ಚವಾಗದೆ ನಡೆದುಬಂದಿರುವ ಇನ್ನೊಂದು ದಸರೆಯುಂಟು. ಅದು ಮನೆಯ ಪಡಸಾಲೆಯಲ್ಲಿ ಬೊಂಬೆಗಳ ಸಾಲಾಗಿ ಕುಳಿತುಕೊಂಡು, ಹೊಸ್ತಿಲಿನ ಬಳಿ ನೆರೆಹೊರೆಯ ಮಕ್ಕಳ ಅಂಗೈಗೆ ಒಂದು ಹಿಡಿ ತಿಂಡಿಯಾಗಿ ಇಳಿಯುತ್ತದೆ. ಆ ಹಿಡಿ ತಿಂಡಿಗೆ ಬೊಂಬೆ ಬಾಗಿನವೆಂದು ಹೆಸರು. ಅದರ ವಿಚಾರವಾಗಿ ನಮ್ಮ ವಾಚಕರೊಡನೆ ಕೆಲವು ಮಾತುಗಳನ್ನು ಆಡುವುದು ಈಗ ಅವಶ್ಯಕವೆಂದು ನಮಗೆ ತೋರುತ್ತದೆ.

ಪದ್ಧತಿಯನ್ನು ಬಲ್ಲವರು ಬಲ್ಲರು; ಅರಿಯದ ಎಳೆಯರಿಗಾಗಿ ಸಂಗ್ರಹವಾಗಿ ಹೇಳುತ್ತೇವೆ. ಆಶ್ವಯುಜ ಶುದ್ಧ ಪಾಡ್ಯದಂದು ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಮೆಟ್ಟಿಲುಗಳನ್ನು ಜೋಡಿಸಿ, ಬಿಳಿಯ ವಸ್ತ್ರವನ್ನು ಹಾಸಿ, ತುತ್ತತುದಿಯಲ್ಲಿ ಪಟ್ಟದ ಬೊಂಬೆಗಳನ್ನು ಕೂರಿಸುತ್ತಾರೆ. ರಾಜರಾಣಿಯರ ರೂಪದ ಈ ಮರದ ಜೋಡಿಯನ್ನು ಮದುವೆಯ ಕಾಲದಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳುಹಿಸುವ ವಾಡಿಕೆಯಿದೆ. ದಸರೆಯ ರಜೆಯಲ್ಲಿರುವ ಮಕ್ಕಳು ಸಂಜೆಯಾಗುತ್ತಲೇ ಗುಂಪು ಕಟ್ಟಿಕೊಂಡು, ‘ಬೊಂಬೆ ಕೂರಿಸಿದ್ದೀರಾ?’ ಎಂದು ಕೇಳುತ್ತ ಮನೆಯಿಂದ ಮನೆಗೆ ಹೋಗುತ್ತಾರೆ. ಬೊಂಬೆಗಳನ್ನು ನೋಡುತ್ತಾರೆ, ಬಂದರೆ ಒಂದು ಹಾಡನ್ನು ಹೇಳುತ್ತಾರೆ, ಬಾಗಿನವನ್ನು ಪಡೆದು ಮುಂದಿನ ಮನೆಯ ಬಾಗಿಲಿಗೆ ನಡೆಯುತ್ತಾರೆ. ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸುವುದರೊಂದಿಗೆ ಹಬ್ಬವು ಮುಗಿಯುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನಮ್ಮ ಮಿಕ್ಕ ಸಮಾರಂಭಗಳಲ್ಲೆಲ್ಲ ಕರೆದವರು ಬರುತ್ತಾರೆ, ಕರೆಯದವರು ಬರುವುದಿಲ್ಲ. ಮದುವೆಯ ಊಟಕ್ಕೆ ಲಗ್ನಪತ್ರಿಕೆ ಬೇಕು. ಈಗೀಗ ಮಕ್ಕಳ ಹುಟ್ಟುಹಬ್ಬಕ್ಕೂ ಆಹ್ವಾನ ಬೇಕು. ಹೋದವರು ಉಡುಗೊರೆ ಕೊಡಬೇಕು, ಮನೆಯವರು ಪ್ರತಿಯಾಗಿ ಇನ್ನೊಂದನ್ನು ಕೊಡಬೇಕು. ಬೊಂಬೆ ಬಾಗಿನದಲ್ಲಿ ಈ ಲೆಕ್ಕಾಚಾರವೇ ಇಲ್ಲ. ಕರೆಯದೆ ಬರುವುದೇ ಅಲ್ಲಿಯ ಕ್ರಮ. ಬೀದಿಯ ಮಗುವೆಂಬ ಒಂದೇ ಹಕ್ಕಿನಿಂದ ಮಗುವು ಬಾಗಿಲಿಗೆ ಬರುತ್ತದೆ. ಆ ಹಕ್ಕನ್ನು ಮನೆಯೊಡತಿಯು ಮನ್ನಿಸುತ್ತಾಳೆ. ಬೀದಿಯವರೆಲ್ಲ ಒಬ್ಬರಿಗೊಬ್ಬರು ಸಂಬಂಧಪಟ್ಟವರೆಂಬ ಪಾಠವನ್ನು ಪುಸ್ತಕದಿಂದ ಕಲಿಸುವುದು ಕಷ್ಟ; ಒಂದು ಹಿಡಿ ಉಸಲಿಯಿಂದ ಕಲಿಸುವುದು ಸುಲಭ.

ದೊಡ್ಡ ದಸರೆಯ ಯಜಮಾನರು ಕಾಲಕಾಲಕ್ಕೆ ಬದಲಾಗಿದ್ದಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಉತ್ಸವವು, 1799ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಮೈಸೂರಿಗೆ ಬಂದಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನವು ರದ್ದಾದ ಮೇಲೆ ಸರ್ಕಾರವೇ ಅದನ್ನು ನಾಡಹಬ್ಬವಾಗಿ ನಡೆಸತೊಡಗಿತು. ಅರಸರು ಕುಳಿತಿದ್ದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿಯು ವಿರಾಜಿಸಿತು. 2020ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಜಂಬೂಸವಾರಿಯು ಕೆಲವೇ ನೂರು ಜನರ ಸಮಕ್ಷಮದಲ್ಲಿ ಅರಮನೆಯ ಆವರಣದೊಳಗೇ ಮುಗಿದುಹೋಯಿತು. ಮನೆಯ ದಸರೆಗೆ ಈ ಏರಿಳಿತಗಳಾವುವೂ ತಟ್ಟಿರಲಿಲ್ಲ. ಆ ವರ್ಷವೂ ಬೊಂಬೆಗಳು ಮೆಟ್ಟಿಲೇರಿದವು. ಆದರೆ ನೋಡಲು ಬರುವ ಮಕ್ಕಳಿರಲಿಲ್ಲ. ಬೊಂಬೆಗಳೆಲ್ಲ ಇದ್ದಲ್ಲಿಯೇ ಇದ್ದರೂ ಹಬ್ಬವು ಬರಲಿಲ್ಲವೆಂದು ಮನೆಗಳಿಗೆ ಅನ್ನಿಸಿದ್ದರೆ ಅದಕ್ಕೆ ಇದೇ ಕಾರಣ.

ರೋಗವು ಹೋಯಿತು, ಆದರೆ ಅದಕ್ಕೆ ಮುಂಚಿನಿಂದಲೂ ಬಾಗಿನಕ್ಕೆ ಹಿಡಿದಿರುವ ಕ್ಷೀಣತೆಯು ಹೋಗಿಲ್ಲ. ಬೊಂಬೆಗಳಿಗೇನೋ ಈಗ ಕೊರತೆಯಿಲ್ಲ. ಚನ್ನಪಟ್ಟಣದ, ಕಿನ್ನಾಳದ, ಕೊಂಡಪಲ್ಲಿಯ ಬೊಂಬೆಗಳು ದೊರೆಯುತ್ತವೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ನಮ್ಮ ನಗರದಲ್ಲಿಯೇ ಬೊಂಬೆಮನೆಯೆಂಬ ಪ್ರದರ್ಶನವನ್ನು ಏರ್ಪಡಿಸಿ ನಾನಾ ಪ್ರಾಂತಗಳ ಕುಶಲಕರ್ಮಿಗಳ ಕೆಲಸವನ್ನು ಜನರ ಮುಂದಿಟ್ಟಿರುವುದು ಸ್ತುತ್ಯವಾದುದು. ಕೂರಿಸಿದ ಬೊಂಬೆಗಳ ಚಿತ್ರಗಳು ಕೈಯಲ್ಲಿರುವ ಮೊಬೈಲಿನ ಮೂಲಕ ಕ್ಷಣಮಾತ್ರದಲ್ಲಿ ಅಮೆರಿಕೆಯ ಬಂಧುಗಳನ್ನು ಮುಟ್ಟುತ್ತವೆ. ಪಕ್ಕದ ಮನೆಯ ಮಗು ಮಾತ್ರ ಬರುವುದಿಲ್ಲ. ಕೃಷ್ಣಮೂರ್ತಿಪುರದಂತಹ, ಒಂಟಿಕೊಪ್ಪಲಿನಂತಹ ಹಳೆಯ ಬಡಾವಣೆಗಳಲ್ಲಿ ತೊಟ್ಟಿಯ ಮನೆಗಳು ಕೆಡೆದು ಮಹಡಿಯ ಮೇಲೆ ಮಹಡಿ ಎದ್ದಿವೆ. ಗೇಟಿನಲ್ಲಿ ಕಾವಲುಗಾರನು ಹೆಸರು ಬರೆಸಿಕೊಳ್ಳುತ್ತಾನೆ. ಬೀದಿಯಲ್ಲಿ ವಾಹನಗಳ ಭಯವಿದೆ. ಮಕ್ಕಳು ಬಂದರೂ ಸಿದ್ಧವಾಗಿರುವುದು ಕಾರ್ಖಾನೆಯ ಬಿಸ್ಕತ್ತಿನ ಪೊಟ್ಟಣ.

ಪೊಟ್ಟಣವನ್ನು ಕೊಟ್ಟರೇನು ತಪ್ಪು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯು ಹಗುರವಾದುದಲ್ಲ. ಏಕೆಂದರೆ ಅದರ ಹಿಂದೆ ಮನೆಯ ಹೆಂಗಸರ ದಣಿವಿದೆ. ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ನೂರಕ್ಕೆ 81 ಮಂದಿ, ಗಂಡಸರು 26 ಮಂದಿ. ಹಾಗೆ ತೊಡಗಿದವರಲ್ಲಿಯೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ಕೊಟ್ಟರೆ, ಗಂಡಸರು ಕೊಡುವುದು 97 ನಿಮಿಷ. ಎಲ್ಲರೂ ರಜೆಯ ಸುಖವನ್ನು ಅನುಭವಿಸುವ ಹಬ್ಬದ ದಿನಗಳಲ್ಲಿ ಒಲೆಯ ಮುಂದೆ ನಿಂತವಳಿಗೆ ಮಾತ್ರ ಕೆಲಸವು ಇಮ್ಮಡಿಯಾಗುತ್ತದೆ. ಹೀಗಿರುವಾಗ, ಅಂಗಡಿಯ ಪೊಟ್ಟಣವನ್ನು ತರಿಸಿದ ಗೃಹಿಣಿಯನ್ನು ಆಕ್ಷೇಪಿಸಿ ಸಂಸ್ಕೃತಿಯ ಮೇಲೆ ಉಪನ್ಯಾಸ ಮಾಡುವ ಗಂಡಸರಿಗೆ ನಮ್ಮ ಬೆಂಬಲವಿಲ್ಲ. ಮನೆಯಲ್ಲಿಯೇ ಚಕ್ಕುಲಿ ಕೋಡುಬಳೆಗಳನ್ನು ಮಾಡಿ ಮಾರಿ ಸಂಸಾರವನ್ನು ಸಾಗಿಸುವ ಹೆಂಗಸರಿಂದ ತಿಂಡಿಯನ್ನು ಕೊಂಡು ಹಂಚಿದರೆ ಅದೂ ಬಾಗಿನವೇ ಸರಿ.

ಆದರೆ ಬಾಗಿನವೆಂದರೆ ಒಂಬತ್ತು ದಿನವೂ ಎಣ್ಣೆಯ ಬಾಣಲೆಯ ಮುಂದೆ ಬೇಯಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಕಡಲೆಕಾಳಿನ ಉಸಲಿಯನ್ನೇ ತೆಗೆದುಕೊಳ್ಳೋಣ. ಒಂದು ಕಿಲೋ ಕಡಲೆಯನ್ನು ರಾತ್ರಿ ನೆನೆಹಾಕಿ, ಮರುದಿನ ಉಪ್ಪಿಕ್ಕಿ ಬೇಯಿಸಿದರೆ ಅದು ಎರಡು ಕಿಲೋ ಆಗುತ್ತದೆ. ಸಾಸಿವೆ, ಒಣಮೆಣಸಿನಕಾಯಿ, ಇಂಗು, ಕರಿಬೇವುಗಳ ಒಗ್ಗರಣೆ. ಮೇಲೆ ತೆಂಗಿನ ತುರಿ, ನಿಂಬೆಯ ರಸ. ಮಗುವೊಂದಕ್ಕೆ 50 ಗ್ರಾಮಿನಂತೆ ಹಂಚಿದರೂ 40 ಮಕ್ಕಳಿಗೆ ಸಾಕಾಗುತ್ತದೆ. ಕಾಳು ನೆನೆಹಾಕುವುದನ್ನೂ ಕಾಯಿ ತುರಿಯುವುದನ್ನೂ ಪಾತ್ರೆ ತೊಳೆಯುವುದನ್ನೂ ಮನೆಯ ಗಂಡಸರು ವಹಿಸಿಕೊಳ್ಳಲಿ. ಎಲೆಯ ದೊನ್ನೆಗಳಲ್ಲಿ ಹಂಚುವ ಕೆಲಸವು ಮನೆಯ ಮಕ್ಕಳಿಗಿರಲಿ. ಪಡೆಯುವುದನ್ನು ಬೀದಿಯಲ್ಲಿ ಕಲಿತ ಮಗುವು ಕೊಡುವುದನ್ನು ತನ್ನ ಮನೆಯಲ್ಲಿ ಕಲಿಯಲಿ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಹಿಂದಿನ ಕಾಲದಲ್ಲಿ ಎಲ್ಲ ಬಾಗಿಲುಗಳೂ ಎಲ್ಲ ಮಕ್ಕಳಿಗೂ ಸಮನಾಗಿ ತೆರೆದಿದ್ದವೆಂದು ನಾವು ಬಣ್ಣಿಸಲಾರೆವು. ಪಡಸಾಲೆಯವರೆಗೆ ಬರತಕ್ಕವರಾರು, ಜಗುಲಿಯಲ್ಲಿಯೇ ನಿಲ್ಲತಕ್ಕವರಾರು ಎಂಬ ಭೇದವು ನಮ್ಮ ಸಮಾಜದಲ್ಲಿದ್ದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಬಾ ಎಂದು ಕರೆಯಲಾರದು. ಕರೆಯತಕ್ಕವರು ಮನೆಯವರು. ಗೇಟಿನ ಕಾವಲುಗಾರನ ಮಗು, ಬೀದಿಯನ್ನು ಗುಡಿಸುವ ಪೌರಕಾರ್ಮಿಕಳ ಮಗು, ಮನೆಗೆಲಸಕ್ಕೆ ಬರುವಾಕೆಯ ಮಗು, ಬೇರೆ ಮತದ ನೆರೆಯವರ ಮಗು, ಇವರೆಲ್ಲ ಬೊಂಬೆಯ ಮುಂದೆ ನಿಂತು ಒಂದೇ ಪಾತ್ರೆಯ ಉಸಲಿಯನ್ನು ತಿನ್ನುವಂತಾದರೆ, ಹಳೆಯ ಪದ್ಧತಿಯನ್ನು ಉಳಿಸಿದಂತಾಗುವುದು ಮಾತ್ರವಲ್ಲ, ಅದನ್ನು ತಿದ್ದಿದಂತೆಯೂ ಆಗುತ್ತದೆ.

ಇದಕ್ಕೆ ಆಗಬೇಕಾದುದು ಬಹಳವೇನೂ ಇಲ್ಲ. ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡು, ಸಂಜೆ 5ರಿಂದ 7 ಗಂಟೆಯವರೆಗೆ ಬಾಗಿಲು ತೆರೆದಿರುವುದೆಂದು ಗೊತ್ತುಮಾಡಲಿ. ಮನೆಗೊಂದು ದಿನದಂತೆ ತಿಂಡಿಯ ಸರದಿಯನ್ನು ಹಂಚಿಕೊಳ್ಳಲಿ. ಬೊಂಬೆ ಕೂರಿಸುವ ಪದ್ಧತಿಯಿಲ್ಲದ ಮನೆಯವರೂ ಸರದಿಗೆ ಸೇರಬಹುದು. ಬಹುಮಹಡಿಯ ಕಟ್ಟಡಗಳ ಸಂಘದವರು ಆ ಎರಡು ಗಂಟೆಗಳ ಮಟ್ಟಿಗೆ ಹೊರಗಿನ ಮಕ್ಕಳನ್ನು ಒಳಗೆ ಬಿಡುವಂತೆ ಕಾವಲುಗಾರನಿಗೆ ತಿಳಿಸಲಿ. ಚಿಕ್ಕ ಮಕ್ಕಳ ಗುಂಪಿನೊಡನೆ ಹಿರಿಯರೊಬ್ಬರು ಹೋಗಲಿ. ವಿಶ್ರಾಂತಿವೇತನ ಪಡೆಯುವ ಅಜ್ಜಂದಿರಿಗೆ ನಮ್ಮ ನಗರದಲ್ಲಿ ಬರವಿಲ್ಲ. ಯಾರ ಬಾಗಿನವು ಹೆಚ್ಚು ಬೆಲೆಯದೆಂಬ ಪೈಪೋಟಿಯನ್ನು ಮಾತ್ರ ಹತ್ತಿರ ಸೇರಿಸಬಾರದು. ಪೈಪೋಟಿ ಬಂದಲ್ಲಿ ಬಡವರ ಮನೆಯ ಬಾಗಿಲು ಮೊದಲು ಮುಚ್ಚಿಕೊಳ್ಳುತ್ತದೆ.

ಅಂಬಾರಿಯನ್ನು ಹೊರಿಸುವುದು ಸರ್ಕಾರದ ಕೆಲಸ. ಅದನ್ನು ಸರ್ಕಾರವು ಮಾಡುತ್ತಿದೆ. ಬಾಗಿನವನ್ನು ಹಂಚುವುದು ಯಾವ ಸರ್ಕಾರದಿಂದಲೂ ಆಗತಕ್ಕ ಕೆಲಸವಲ್ಲ. ಆ ಒಂದು ಹಿಡಿಯು ನಿಂತುಹೋದರೆ ಯಾರೂ ಪ್ರಕಟಣೆ ಹೊರಡಿಸುವುದಿಲ್ಲ, ಯಾರೂ ಕೇಳುವುದಿಲ್ಲ. ಒಂದು ವರ್ಷ ‘ಬೊಂಬೆ ಕೂರಿಸಿದ್ದೀರಾ?’ ಎಂಬ ಕೂಗು ಬೀದಿಯಲ್ಲಿ ಕೇಳಿಬರುವುದಿಲ್ಲ, ಅಷ್ಟೆ. ಮುಂದಿನ ಪಾಡ್ಯಕ್ಕೆ ಮೈಸೂರಿನ ಪ್ರತಿಯೊಂದು ಬೀದಿಯಲ್ಲಿ ಒಂದಾದರೂ ಮನೆಯವರು ಹಿಂದಿನ ರಾತ್ರಿಯೇ ಒಂದು ಕಿಲೋ ಕಡಲೆಯನ್ನು ನೆನೆಹಾಕಲೆಂದು ನಾವು ಕೋರುತ್ತೇವೆ.