ತಾಮ್ರದ ಶೋಧನೆ: ಪುಡಿಯಿಂದ ಉಂಡೆ, ಉಂಡೆಯಿಂದ ತಂತಿ

ಧರೂರಿನ ವಿದ್ಯಾರ್ಥಿಗಳಿಗೆ ಜುರಾಲಾ ಅಣೆಕಟ್ಟು ಅಪರಿಚಿತವಾದುದಲ್ಲ. ಕೃಷ್ಣೆಯ ನೀರು ಅಲ್ಲಿ ಯಂತ್ರಗಳನ್ನು ತಿರುಗಿಸಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸುತ್ತದೆ. ಆ ಶಕ್ತಿಯು ಹುಟ್ಟುವುದು ತಾಮ್ರದ ಸುರುಳಿಗಳಲ್ಲಿ. ಹೊಲದ ಪಂಪಿನ ಮೋಟಾರಿನೊಳಗೆ ಇರುವುದೂ ತಾಮ್ರದ ಸುರುಳಿಯೇ. ನಮ್ಮ ಹಿರಿಯರು ನೀರು ಕಾಯಿಸುತ್ತಿದ್ದ ಹಂಡೆಯೂ ಅದೇ ಲೋಹದ್ದು. ಆದರೆ ಹಂಡೆಗೆ ಸಾಲುವ ತಾಮ್ರವು ಸುರುಳಿಗೆ ಸಾಲದು. ನೂರು ಪಾಲು ತಾಮ್ರದಲ್ಲಿ ಕೇವಲ 0.04 ಪಾಲು ರಂಜಕವು ಬೆರೆತರೂ ಅದರ ವಿದ್ಯುದ್ವಾಹಕ ಗುಣವು ಸುಮಾರು ಐದನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ. ಆದುದರಿಂದಲೇ ತಾಮ್ರವನ್ನು ಹಲವು ಹಂತಗಳಲ್ಲಿ ಶೋಧಿಸಬೇಕಾಗುತ್ತದೆ. ಆ ಹಂತಗಳು ಯಾವುವೆಂಬುದನ್ನು ಇಲ್ಲಿ ತಿಳಿಯೋಣ.

ತಾಮ್ರದ ಅದಿರು ನಮಗೆ ಬಹು ದೂರದ ವಸ್ತುವಲ್ಲ. ಕೃಷ್ಣೆಯ ದಡದಲ್ಲಿಯೇ, ನಮಗಿಂತ ಮೇಲ್ಗಡೆ, ಸುರಪುರ ತಾಲೂಕಿನ ತಿಂಥಣಿಯ ಬಳಿ ಅದು ದೊರೆತಿದೆ. ಚಿತ್ರದುರ್ಗದ ಸಮೀಪದ ಇಂಗಳದಾಳಿನಲ್ಲಿ ಪುರಾತನರು ಅಗೆದ ಕುಳಿಗಳ ಗುರುತುಗಳಿವೆ. ಕಳೆದ ಶತಮಾನದಲ್ಲಿ ಅಲ್ಲಿ ಗಣಿಯೂ ನಡೆಯಿತು. ಅದಿರಿನಲ್ಲಿ ತಾಮ್ರವು ಸಾಮಾನ್ಯವಾಗಿ ಗಂಧಕ ಮತ್ತು ಕಬ್ಬಿಣಗಳೊಡನೆ ಕೂಡಿಕೊಂಡಿರುತ್ತದೆ. ನೂರು ಸೇರು ಕಲ್ಲಿನಲ್ಲಿ ತಾಮ್ರವು ಒಂದು ಸೇರಿನಷ್ಟಿದ್ದರೆ ಅದು ಅಗೆಯಲು ಯೋಗ್ಯವಾದ ಅದಿರೆನಿಸುತ್ತದೆ.

ಇಷ್ಟು ಕಲ್ಲನ್ನು ಕರಗಿಸಲು ಹೊರಟರೆ ಉರುವಲೆಲ್ಲ ಕಲ್ಲಿಗೇ ವ್ಯಯವಾದೀತು. ಆದುದರಿಂದ ಮೊದಲು ಅದಿರನ್ನು ಹಿಟ್ಟಿನಂತೆ ಅರೆದು, ನೀರು ಹಾಗೂ ಸ್ವಲ್ಪ ಎಣ್ಣೆಯಂತಹ ಪದಾರ್ಥಗಳನ್ನು ಬೆರಸಿ, ಗಾಳಿಯೂದಿ ನೊರೆಯೆಬ್ಬಿಸುತ್ತಾರೆ. ತಾಮ್ರದ ಕಣಗಳು ನೊರೆಗೆ ಅಂಟಿಕೊಂಡು ಮೇಲೇಳುತ್ತವೆ. ಕಲ್ಲಿನ ಪುಡಿಯು ತಳದಲ್ಲಿ ಉಳಿಯುತ್ತದೆ. ನೊರೆಯನ್ನು ತೆಗೆದು ಒಣಗಿಸಿದಾಗ ದೊರೆಯುವ ಪುಡಿಯಲ್ಲಿ ನೂರಕ್ಕೆ 20ರಿಂದ 30 ಪಾಲು ತಾಮ್ರವಿರುತ್ತದೆ.

ಈಗ ಹೊಸದೊಂದು ತೊಡಕು. ಈ ನಯವಾದ ಪುಡಿಯನ್ನು ಹಾಗೆಯೇ ಕುಲುಮೆಗೆ ಸುರಿದರೆ ಬಿಸಿಗಾಳಿಯೊಡನೆ ಹಾರಿಹೋಗಬಹುದು. ಇಲ್ಲವೆ ಒತ್ತಾಗಿ ಕುಳಿತು ಗಾಳಿಗೆ ಎಡೆಯಿಲ್ಲದಂತೆ ಮಾಡಬಹುದು. ಇದಕ್ಕೆ ಪರಿಹಾರವೇ ಉಂಡೆ ಕಟ್ಟುವುದು. ಸಂಕ್ರಾಂತಿಗೆ ನಮ್ಮ ತಾಯಂದಿರು ಕುಸುರೆಳ್ಳು ಮಾಡುವುದನ್ನು ಮಕ್ಕಳು ನೋಡಿರಬಹುದು. ಎಳ್ಳಿಗೆ ಹನಿಹನಿಯಾಗಿ ಸಕ್ಕರೆಯ ಪಾಕವನ್ನು ಬಿಡುತ್ತ ಆಡಿಸಿದರೆ ಕಾಳಿನ ಮೇಲೆ ಪದರವು ಬೆಳೆಯುವುದಷ್ಟೆ? ಅಂತೆಯೇ ಓರೆಯಾಗಿ ತಿರುಗುವ ದೊಡ್ಡ ತಟ್ಟೆಯಲ್ಲಿ ಪುಡಿಯನ್ನು ಹಾಕಿ, ನೀರನ್ನು ಚಿಮುಕಿಸಿ, ಸುಣ್ಣದಂತಹ ಅಂಟನ್ನು ಸೇರಿಸಿದರೆ ಸಣ್ಣ ಕಣವು ಉರುಳುತ್ತ ಉರುಳುತ್ತ ಕಡಲೆಕಾಳಿಗಿಂತ ದೊಡ್ಡ ಉಂಡೆಯಾಗುತ್ತದೆ. ಉಂಡೆಗಳ ನಡುವಣ ಸಂದುಗಳಲ್ಲಿ ಗಾಳಿಯು ಸರಾಗವಾಗಿ ಸಂಚರಿಸುತ್ತದೆ. ಆದರೆ ಎಲ್ಲ ಕುಲುಮೆಗಳಿಗೂ ಉಂಡೆ ಬೇಕಿಲ್ಲ. ಇಂದಿನ ಅನೇಕ ದೊಡ್ಡ ಕುಲುಮೆಗಳಲ್ಲಿ ಒಣಪುಡಿಯನ್ನೇ ಆಮ್ಲಜನಕದೊಡನೆ ಊದಿ ಕ್ಷಣಮಾತ್ರದಲ್ಲಿ ಉರಿಸುತ್ತಾರೆ.

ಕುಲುಮೆಯಲ್ಲಿ ಕಬ್ಬಿಣದ ಬಹುಭಾಗವು ಮರಳಿನೊಡನೆ ಕೂಡಿ ಕಿಟ್ಟವಾಗಿ ತೇಲುತ್ತದೆ. ಕೆಳಗುಳಿದ ದ್ರವದ ಮೂಲಕ ಗಾಳಿಯನ್ನು ಊದಿದರೆ ಉಳಿದ ಕಬ್ಬಿಣವೂ ಗಂಧಕವೂ ಉರಿದುಹೋಗುತ್ತವೆ. ಆಗ ಬರುವ ತಾಮ್ರದ ಮೈಮೇಲೆ, ಅನಿಲವು ಹೊರಬಿದ್ದ ಗುರುತಾಗಿ, ಗುಳ್ಳೆಗಳೆದ್ದಿರುತ್ತವೆ. ಇದನ್ನು ಗುಳ್ಳೆ ತಾಮ್ರವೆನ್ನಬಹುದು. ಇದರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ತಾಮ್ರವಿದ್ದರೂ ಇದು ಇನ್ನೂ ಅಶುದ್ಧವೇ. ನಮ್ಮ ದೇಶದಲ್ಲಿ ಘಾಟಶಿಲದ ಬಳಿಯ ಮೌಭಂಡಾರದಲ್ಲಿ 1930ರಲ್ಲಿಯೇ ಇಂತಹ ಕುಲುಮೆ ಸ್ಥಾಪನೆಯಾಯಿತು.

ಕರಗಿದ ಅಶುದ್ಧ ತಾಮ್ರವನ್ನು ಕೆಲವೊಮ್ಮೆ ಸಣ್ಣ ಧಾರೆಯಾಗಿ ಹೇರಳವಾದ ನೀರಿಗೆ ಬಿಟ್ಟು ಗುಂಡುಗಳನ್ನಾಗಿ ಮಾಡುವುದೂ ಉಂಟು. ಇದು ನುರಿತವರೇ ಮಾಡತಕ್ಕ ಅಪಾಯದ ಕೆಲಸ. ಇದರ ಪ್ರಯೋಜನವನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರಿನ ಸಾವಿರ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್. ಮೇಲ್ಮೈ ಹೆಚ್ಚಿದಷ್ಟೂ ಆಮ್ಲದಲ್ಲಿ ಬೇಗ ಕರಗುತ್ತದೆ. ರೈತರು ಬಲ್ಲ ಮೈಲುತುತ್ತವನ್ನು ತಯಾರಿಸಲು ಇಂತಹ ಗುಂಡುಗಳು ಅನುಕೂಲ.

ಕಡೆಯ ಶೋಧನೆ ವಿದ್ಯುತ್ತಿನಿಂದ. ಗುಳ್ಳೆ ತಾಮ್ರವನ್ನು ಮತ್ತೆ ಕರಗಿಸಿ, ದಪ್ಪ ಹಲಗೆಗಳಾಗಿ ಎರಕಹೊಯ್ದು, ಮೈಲುತುತ್ತ ಮತ್ತು ಗಂಧಕಾಮ್ಲಗಳ ದ್ರಾವಣದಲ್ಲಿ ತೂಗುಹಾಕುತ್ತಾರೆ. ವಿದ್ಯುತ್ ಹರಿದಾಗ ಆ ಹಲಗೆಯು ಮೆಲ್ಲಮೆಲ್ಲನೆ ಕರಗಿ, ಎದುರಿನ ತೆಳುಹಾಳೆಯ ಮೇಲೆ ಶುದ್ಧ ತಾಮ್ರವು ಕೂಡುತ್ತದೆ. ಇದರ ಶುದ್ಧತೆ 99.99ರವರೆಗೆ ಏರುತ್ತದೆ. ಅದಿರಿನೊಡನೆ ಬಂದ ಚಿನ್ನ ಬೆಳ್ಳಿಗಳು ತಳದ ಕೆಸರಿನಲ್ಲಿ ದೊರೆಯುತ್ತವೆ. ಆ ಕೆಸರನ್ನೂ ಯಾರೂ ಚೆಲ್ಲುವುದಿಲ್ಲ.

ಆದರೆ ತಾಮ್ರದಿಂದ ಹೊರಟ ಗಂಧಕವು ಎಲ್ಲಿಗೆ ಹೋಯಿತು? ಗಾಳಿಗೆ ಬಿಟ್ಟರೆ ಅದು ಜನರ ಉಸಿರಿಗೂ ಬೆಳೆಗೂ ಕೇಡು. ಹಿಡಿದಿಟ್ಟರೆ ಅದೇ ಗಂಧಕಾಮ್ಲವಾಗಿ ಗೊಬ್ಬರದ ತಯಾರಿಕೆಗೆ ಒದಗುತ್ತದೆ. ತೂತ್ತುಕುಡಿಯಲ್ಲಿ ತಾಮ್ರದ ಕಾರ್ಖಾನೆಯಿಂದ ಮಾಲಿನ್ಯವಾಗುತ್ತಿದೆಯೆಂದು 2018ರಲ್ಲಿ ಜನರು ಪ್ರತಿಭಟಿಸಿದಾಗ ಪೊಲೀಸರ ಗುಂಡಿಗೆ 13 ಮಂದಿ ಬಲಿಯಾದರು; ಆ ವರ್ಷವೇ ಕಾರ್ಖಾನೆಯು ಮುಚ್ಚಿತು. ಲೋಹದ ಶುದ್ಧಿಯಷ್ಟೇ ಗಾಳಿಯ ಶುದ್ಧಿಯೂ ಮುಖ್ಯವೆಂಬುದನ್ನು ನಾವು ಮರೆಯಲಾಗದು.

ಈ ಮಾತು ನಮ್ಮ ಊರುಕೇರಿಗೂ ಸಲ್ಲುತ್ತದೆ. ಗುಜರಿಗೆ ಮಾರುವುದಕ್ಕಾಗಿ ಹಳೆಯ ತಂತಿಗಳ ಪ್ಲಾಸ್ಟಿಕ್ ಹೊದಿಕೆಯನ್ನು ಬೆಂಕಿಯಲ್ಲಿ ಸುಡುವ ರೂಢಿಯಿದೆ. ಆ ಹೊಗೆಯು ವಿಷಪೂರಿತವಾದುದು. ಹತ್ತಿರ ನಿಂತ ಮಕ್ಕಳಿಗೆ ಅದರ ಹಾನಿ ಇನ್ನೂ ಹೆಚ್ಚು. ಮೇಲಾಗಿ ಸುಟ್ಟ ತಾಮ್ರವು ಕಪ್ಪಾಗಿ ಬೆಲೆಯಲ್ಲಿಯೂ ಇಳಿಯುತ್ತದೆ. ಹೊದಿಕೆಯನ್ನು ಸುಲಿದು ಕೊಟ್ಟರೆ, ಅಥವಾ ಹಾಗೆಯೇ ಕೊಟ್ಟರೆ, ಆ ತಾಮ್ರವು ಪುನಃ ಕುಲುಮೆಗೆ ಸೇರಿ ಹೊಸ ತಂತಿಯಾಗಿ ಬರುತ್ತದೆ. ಪಾಲಕರು ಈ ವಿಷಯದಲ್ಲಿ ಮಕ್ಕಳನ್ನು ಎಚ್ಚರಿಸಬೇಕೆಂದು ವಿನಂತಿ. ಎಷ್ಟು ಬಾರಿ ಕರಗಿಸಿದರೂ ತಾಮ್ರವು ತಾಮ್ರವಾಗಿಯೇ ಉಳಿಯುತ್ತದೆ. ಮಗುವಿನ ಆರೋಗ್ಯವು ಒಮ್ಮೆ ಕೆಟ್ಟರೆ ಅದನ್ನು ಮರಳಿ ಎರಕಹೊಯ್ಯುವ ಕುಲುಮೆ ಎಲ್ಲಿಯೂ ಇಲ್ಲ.