ನೀರು ಮೊದಲು ಯಾರಿಗೆ? ಐದು ಜನ ಐದು ಥರ ಕೇಳ್ತಾರೆ

ಬೇಸಿಗೆ ಬಂತಂದ್ರೆ ನಮ್ಮ ಅಥಣಿ ಕಡೆ ಒಂದೇ ಮಾತು: “ಕೊಯ್ನಾದಿಂದ ನೀರು ಬಿಟ್ಟರೇನ್ರೀ?” ಕೃಷ್ಣಾ ಬತ್ತಿದಾಗ ಕರ್ನಾಟಕವು ಮಹಾರಾಷ್ಟ್ರವನ್ನು ನೀರು ಕೇಳುತ್ತದೆ. ಬದಲಿಗೆ ಜತ್ತ ತಾಲ್ಲೂಕಿನ ಒಣ ಹಳ್ಳಿಗಳಿಗೆ ನೀವು ನೀರು ಕೊಡಿ ಎಂದು ಮಹಾರಾಷ್ಟ್ರ ಕೇಳಿದ್ದೂ ಉಂಟು. ಅಲ್ಲಿ ಮನೆಮಾತು ಕನ್ನಡವೇ ಆಗಿರುವ ಊರುಗಳು ಬಹಳ. 2022ರ ಕೊನೆಗೆ ಗಡಿ ವಿವಾದದ ನಡುವೆಯೇ ನಮ್ಮ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಜತ್ತ ಕಡೆ ಹರಿಯಿತು.

ತೆಲಸಂಗದಿಂದ ನೋಡಿದರೆ ಎರಡೂ ಕಡೆಯ ದಾಹ ಅರ್ಥವಾಗುತ್ತದೆ. ನದಿ ದಂಡೆಗೆ ಕಬ್ಬು, ಮಹಾಪೂರ. ಈ ಕಡೆ ಒಣ ಭೂಮಿ, ಬೋರ್‌ವೆಲ್. ನೀತಿಶಾಸ್ತ್ರದ ದೊಡ್ಡ ಹೆಸರುಗಳನ್ನು ನಾನು ಈ ನೀರಿನ ಪ್ರಶ್ನೆ ಇಟ್ಟುಕೊಂಡೇ ಓದುತ್ತೇನೆ.

ಲೆಕ್ಕ: ಹೆಚ್ಚು ಜನರಿಗೆ ಹೆಚ್ಚು ಸುಖ ಯಾವುದರಿಂದ? ಇದು 1789ರಲ್ಲಿ ಪುಸ್ತಕ ಪ್ರಕಟಿಸಿದ ಬೆಂಥಮ್ ಪ್ರಶ್ನೆ. ಸಾವಿರ ಕೊಡಗಳ ಮುಂದೆ ಒಬ್ಬರ ಕಬ್ಬು ಸೋಲುತ್ತದೆ. ಆದರೆ ಇದೇ ಲೆಕ್ಕದಲ್ಲಿ ಸಣ್ಣ ಹಳ್ಳಿಯೊಂದು ಕೈಬಿಟ್ಟೂ ಹೋಗಬಹುದು.

ಕರ್ತವ್ಯ: ನಿನ್ನ ನಿಯಮವನ್ನು ಎಲ್ಲರೂ ಪಾಲಿಸಲಿ ಅನ್ನಬಲ್ಲೆಯಾ? ಇದು ಕಾಂಟ್, 1785. “ನೀರು ಇದ್ದವರು ಹಿಡಿದಿಟ್ಟುಕೊಳ್ಳಲಿ” ಅಂತ ಜತ್ತಕ್ಕೆ ಹೇಳಿದರೆ, ಕೊಯ್ನಾ ನೀರು ಕೇಳಲು ನಮಗೆ ಯಾವ ಬಾಯಿ?

ಗುಣ: ಅರಿಸ್ಟಾಟಲ್ ನಿಯಮಕ್ಕಿಂತ ಮನುಷ್ಯನನ್ನು ನೋಡುತ್ತಾನೆ. ದುಂದೂ ಅಲ್ಲ, ಜಿಪುಣತನವೂ ಅಲ್ಲ, ನಡುವಿನ ಔದಾರ್ಯ ರೂಢಿಯಾಗಬೇಕು. ಹನ್ನೆರಡನೇ ಶತಮಾನದ ಶರಣರ ದಾಸೋಹವೂ ಇದಕ್ಕೆ ದೂರವಲ್ಲ.

ನ್ಯಾಯ: ನೀವು ಎಲ್ಲಿ ಹುಟ್ಟುತ್ತೀರಿ ಅಂತ ಮೊದಲೇ ಗೊತ್ತಿಲ್ಲ: ನದಿ ದಂಡೆಯೋ, ತೆಲಸಂಗವೋ, ಜತ್ತವೋ. ಆಗ ಯಾವ ಹಂಚಿಕೆಗೆ ಒಪ್ಪುತ್ತೀರಿ? ಇದು ರಾಲ್ಸ್, 1971.

ಕಾಳಜಿ: ಕ್ಯಾರಲ್ ಗಿಲ್ಲಿಗನ್ 1982ರಲ್ಲಿ ಸಂಬಂಧ, ಹೊಣೆಗಳತ್ತ ಗಮನ ಸೆಳೆದರು. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರು ಯಾರು? ಅವರನ್ನು ಯಾರಾದರೂ ಕೇಳಿದರಾ?

ಐವರೂ ಒಂದೇ ಉತ್ತರ ಕೊಡುವುದಿಲ್ಲ. ಆದರೂ ಒಂದು ಕಡೆ ಎಲ್ಲರೂ ಹತ್ತಿರ ಬರುತ್ತಾರೆ ಅಂತ ನನಗನ್ನಿಸುತ್ತದೆ: ಕುಡಿಯುವ ನೀರು ಮೊದಲು, ಗಡಿ ನೋಡದೆ. 1987ರ ರಾಷ್ಟ್ರೀಯ ಜಲನೀತಿಯೂ ಕುಡಿಯುವ ನೀರಿಗೇ ಮೊದಲ ಸ್ಥಾನ ಕೊಟ್ಟಿತ್ತು. ಜಗಳ ಶುರುವಾಗೋದು ಆಮೇಲೆ, ಬೆಳೆಯ ಪಾಲಿಗೆ.

ಆಫೀಸಿನಲ್ಲಿ ಬೋನಸ್ ಹಂಚುವಾಗ, ಮನೆಯಲ್ಲಿ ಆಸ್ತಿ ಹಂಚುವಾಗಲೂ ಹೀಗೇ. ಒಬ್ಬರು ಲೆಕ್ಕ ಕೇಳುತ್ತಿರುತ್ತಾರೆ, ಇನ್ನೊಬ್ಬರು ನ್ಯಾಯ. ಎದುರಿನವರು ಯಾವ ಪ್ರಶ್ನೆ ಕೇಳ್ತಿದ್ದಾರೆ ಅಂತ ಮೊದಲು ತಿಳ್ಕೊಳ್ಳಿ. ಉತ್ತರ ಆಮೇಲೆ ಕೊಡಬಹುದು.